ಅರಿಯದ ಕೈ

ಅಣ್ಣಿಗೇರಿಯ ಸ್ವಿಚ್ಚು ಮತ್ತೆ ಬಂದಿತ್ತು.

ಮಾಲಿನಿ ಹಂಚಿನಮನಿ ಅದನ್ನು ಪೊಟ್ಟಣದಿಂದ ತೆಗೆದು ಮೇಜಿನ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ದುರುಗುಟ್ಟಿ ನೋಡಿದಳು. ಕಾರಿನ ಹಿಂದಿನ ಎಡಬಾಗಿಲಿನ ಕಿಟಕಿ ಸ್ವಿಚ್ಚು. ಹೆಬ್ಬೆರಳಗಲದ ಕರಿ ಗುಂಡಿ. ಕೆಳಗೆ ಒತ್ತಿದರೆ ಗಾಜು ಇಳಿಯಬೇಕು, ಮೇಲಕ್ಕೆತ್ತಿದರೆ ಏರಬೇಕು. ಇಷ್ಟೇ ಅದರ ಸಂಸಾರ. ಹಿಂದೆ ಎರಡು ಸಲ ಬಂದಾಗಲೂ ಅವಳೇ ಪರೀಕ್ಷೆ ಮಾಡಿ, ‘ದೋಷ ಕಂಡುಬಂದಿಲ್ಲ’ ಎಂಬ ಹಸಿರು ಚೀಟಿ ಅಂಟಿಸಿ ಕಳಿಸಿದ್ದಳು. ಆ ಚೀಟಿಗಳೆರಡೂ ಇನ್ನೂ ಅದರ ಬೆನ್ನಿಗೆ ಅಂಟಿಕೊಂಡಿದ್ದವು. ನೋಡನೋಡುತ್ತ ಅವಳಿಗೆ ಮೈ ಉರಿದು ಹೋಯಿತು.

ಈಗಿನ ಸ್ವಿಚ್ಚೆಂದರೆ ಅಜ್ಜನ ಕಾಲದ ಸ್ವಿಚ್ಚಲ್ಲ. ಆಗ ಗುಂಡಿ ಒತ್ತಿದರೆ ಒಳಗೆ ಎರಡು ತಾಮ್ರದ ತುಂಡುಗಳು ಕೂಡುತ್ತಿದ್ದವು, ವಿದ್ಯುತ್ತು ಹರಿದು ಮೋಟಾರು ತಿರುಗುತ್ತಿತ್ತು. ಒತ್ತಿದವರು ಯಾರು ಎಂದು ಕೇಳುವ ಅಧಿಕಪ್ರಸಂಗ ಅದಕ್ಕಿರಲಿಲ್ಲ. ಆಮೇಲೆ ಮಕ್ಕಳು ಆಟಕ್ಕೆ ಗುಂಡಿ ಒತ್ತಿ, ಕತ್ತು ಕೈ ಗಾಜಿಗೆ ಸಿಕ್ಕಿ ಅನಾಹುತಗಳಾದವು. ಸರಕಾರ ಎಚ್ಚೆತ್ತು ಕಾಯಿದೆ ತಂದಿತು: ತಿಳಿದು ಒತ್ತಿದ್ದು ಯಾವುದು, ತಿಳಿಯದೆ ಒತ್ತಿದ್ದು ಯಾವುದು ಎಂಬ ವಿವೇಕ ಸ್ವಿಚ್ಚಿಗೇ ಇರತಕ್ಕದ್ದು. ಎಂಜಿನಿಯರುಗಳು ವಿವೇಕ ತುಂಬಿದರು. ಗುಂಡಿಯ ಕೆಳಗೆ ಸಾಸಿವೆಯಷ್ಟು ಮಿದುಳು ಕೂತಿತು. ಒಬ್ಬೊಬ್ಬರ ನಡಿಗೆ ಒಂದೊಂದು ತರ ಇರುವಂತೆ ಒಬ್ಬೊಬ್ಬರು ಗುಂಡಿ ಒತ್ತುವ ಧಾಟಿಯೂ ಒಂದೊಂದು ತರ. ಎಷ್ಟು ಬಿರುಸು, ಎಷ್ಟು ಅನುಮಾನ, ಬೆರಳು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೆಲ್ಲ ಆ ಮಿದುಳು ಗುರುತಿಟ್ಟುಕೊಂಡು, ಮನೆಮಂದಿಯ ಬೆರಳುಗಳನ್ನು ದಿನಗಳೆದಂತೆ ಕಲಿಯುತ್ತದೆ. ‘ಅರಿವಿನ ಸ್ವಿಚ್ಚು’ ಎಂದು ಜಾಹೀರಾತಿನಲ್ಲಿ ಹಾಡಿ ಹೊಗಳಿದರು. ಹಳೆಯ ಸ್ವಿಚ್ಚು ಈಗ ಗುಜರಿಯಲ್ಲೂ ಸಿಗುವುದಿಲ್ಲ.

ಹೀಗೆ ಅರಿವು ಬಂದ ಮೇಲೆ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ನೋಡುವುದು ಧಾರವಾಡದ ಹೊರಗಿನ ಆ ಪ್ರಯೋಗಾಲಯದ ಕೆಲಸ. ಅಲ್ಲಿ ಬಂದ ಸ್ವಿಚ್ಚು ಮೊದಲು ‘ತೊಳೆಯುವ ಪೆಟ್ಟಿಗೆ’ಗೆ ಹೋಗಬೇಕು. ಸ್ಟೀಲಿನ ಸಣ್ಣ ಪೆಟ್ಟಿಗೆ; ಒಳಗಿಟ್ಟು ಮುಚ್ಚಿದರೆ ಸ್ವಿಚ್ಚು ಕಲಿತದ್ದೆಲ್ಲ ಅಳಿಸಿ ಹೋಗಿ, ಹುಟ್ಟಿದ ದಿನದ ಹಾಗೆ ಆಗಿಬಿಡುತ್ತದೆ. ಒಂದು ಮನೆಯ ಗುಟ್ಟು ಪ್ರಯೋಗಾಲಯಕ್ಕೆ ತಿಳಿಯಬಾರದು, ಎಲ್ಲ ಸ್ವಿಚ್ಚುಗಳಿಗೂ ಒಂದೇ ಅಳತೆಗೋಲು ಇರಬೇಕು ಎಂದು ಮಾಡಿದ ನಿಯಮ. ತೊಳೆದಾದ ಮೇಲೆ ಅದು ಬೆರಳಪ್ಪನ ಮುಂದೆ ಬರುತ್ತದೆ. ಬೆರಳಪ್ಪನೆಂದರೆ ರಬ್ಬರ್ ತುದಿಯ ಯಂತ್ರದ ಬೆರಳು. ಬಿಸಿಯಲ್ಲಿ, ಥಂಡಿಯಲ್ಲಿ, ಧೂಳಿನಲ್ಲಿ ಬೇಸರವಿಲ್ಲದೆ ಒತ್ತುತ್ತಲೇ ಇರುತ್ತಾನೆ.

ಈ ಸಲವೂ ಬೆರಳಪ್ಪ ಒತ್ತಿದ, ಸ್ವಿಚ್ಚು ವಿಧೇಯವಾಗಿ ಕೇಳಿತು. ತಂತಿ ಸರಿ, ಸಂಪರ್ಕ ಸರಿ, ಮೋಟಾರಿಗೆ ಹೋಗುವ ಸಂದೇಶ ಸರಿ. ಮಾಲಿನಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಒಗೆದಳು.

ಸದ್ದು ಕೇಳಿ ಮುಖ್ಯಸ್ಥರಾದ ಜಮಖಂಡಿ ಸಾಹೇಬರು ಗಾಜಿನ ಕೋಣೆಯಿಂದ ಇಣುಕಿದರು. ಕೆಟ್ಟ ಮನುಷ್ಯರೇನಲ್ಲ, ಆದರೆ ನಿಯಮಾವಳಿಯಲ್ಲಿ ಬರೆದಿರದ ಸಂಗತಿ ಜಗತ್ತಿನಲ್ಲೂ ಇಲ್ಲ ಎಂದು ನಂಬಿದವರು.

“ಬಾಯಾರ, ಸ್ವಿಚ್ಚಿಗೆ ರೋಗ ಇಲ್ಲ. ಒತ್ತವ್ರಿಗೆ ರೋಗ ಅದ. ಚೀಟಿ ಹಚ್ಚಿ ಕಳಸ್ರಿ.”

“ಮೂರ ಸಲ ಸುಮ್ನ ಯಾರ ಕಳಸ್ತಾರ್ರಿ ಸರ್? ಮನಿಗೆ ಹೋದ ಮ್ಯಾಲ ಸ್ವಲ್ಪ ದಿನ ಬರಾಬ್ಬರಿ ನಡಿತೈತಿ, ಆಮ್ಯಾಲ ನಿಲ್ತೈತಿ ಅಂತ ಬರದಾರ. ಆ ಕಾರ, ಆ ಮಂದಿ, ಎರಡನ್ನೂ ಇಲ್ಲಿಗೆ ಕರಸೋಣ್ರಿ.”

“ಕರಸ್ರಿ. ಅದೊಂದ ಹಟ ಯಾಕ ಉಳೀಬೇಕು ನಿಮಗ?” ಎಂದು ಅವರು ತಲೆ ಒಳಗೆಳೆದುಕೊಂಡರು.

ಸಂಜೆ ಅವಳನ್ನು ಕರೆದೊಯ್ಯಲು ಗಂಡ ಗುರುಪಾದ ಗೇಟಿನ ಹತ್ತಿರ ಕಾರು ನಿಲ್ಲಿಸಿಕೊಂಡಿದ್ದ. ಹುಬ್ಬಳ್ಳಿಯಲ್ಲಿ ಅವನದು ಔಷಧಿ ಅಂಗಡಿ. ಹೊಸ ಕಾರಿನ ಮೇಲೆ ಬಹಳ ಅಕ್ಕರೆ. ಮಾಲಿನಿ ಹತ್ತಿ ಕೂತವಳೇ ಕಿಟಕಿ ಗುಂಡಿ ಒತ್ತಿ ಗಾಜು ಇಳಿಸಿದಳು. ದಿನವೆಲ್ಲ ಎಸಿಯಲ್ಲಿ ಕೂತು ತಲೆ ಭಾರವಾಗಿತ್ತು. ಗಾಳಿ ಮುಖಕ್ಕೆ ತಾಗುವಷ್ಟರಲ್ಲಿ ಗಾಜು ತಾನಾಗಿ ಮೇಲೇರಿತು.

“ಧೂಳ ಬರ್ತೈತಿ. ಎಸಿ ಹಚ್ಚೀನಲ್ಲ” ಎಂದ ಗುರುಪಾದ, ತನ್ನ ಬಾಗಿಲಿನ ಗುಂಡಿಯಿಂದ ಬೆರಳು ತೆಗೆಯುತ್ತ. ಓಡಿಸುವವನ ಬಾಗಿಲಿನಲ್ಲಿ ನಾಲ್ಕೂ ಕಿಟಕಿಗಳ ಗುಂಡಿಗಳಿರುತ್ತವೆ. ಕಂಪನಿಯ ಮಾತಿನಲ್ಲಿ ಅವುಗಳ ಹೆಸರು ಯಜಮಾನ ಗುಂಡಿ.

“ಹೊರಗಿನ ಗಾಳಿ ಬೇಕಿತ್ತು.”

“ಹೇಳಿದ್ರ ನಾನ ತಗೀತಿದ್ನೆಲ್ಲ” ಎಂದು ಅವನು ನಕ್ಕ. ತೆಗೆಯಲಿಲ್ಲ. ಅವಳೂ ಹೇಳಲಿಲ್ಲ. ಅಣ್ಣಿಗೇರಿಯ ಸ್ವಿಚ್ಚು ತಲೆಯೊಳಗೆ ಕೊರೆಯುತ್ತಿರುವಾಗ ಈ ಸಣ್ಣ ವಿಷಯಕ್ಕೆ ಬಾಯಿ ಯಾರು ನೋಯಿಸಿಕೊಳ್ಳುತ್ತಾರೆ?

ಗಣೇಶ ಚೌತಿಯ ಗದ್ದಲ ಮುಗಿಯುತ್ತಿದ್ದಂತೆ, ಮಾಲಿನಿ ವಾಪಸು ಕಳಿಸಿದ್ದ ಸ್ವಿಚ್ಚನ್ನು ಹಾಕಿಸಿಕೊಂಡು ಅಣ್ಣಿಗೇರಿಯ ಕಾರು ಬಂತು. ಇಳಿದವರು ಇಬ್ಬರು. ಚನ್ನವೀರ, ಹತ್ತಿ ದಲಾಲಿ, ನಲವತ್ತು ದಾಟಿದ ಗಟ್ಟಿಮುಟ್ಟಾದ ಆಸಾಮಿ. ಹಿಂದಿನ ಬಾಗಿಲನ್ನು ಅವನೇ ತೆರೆದ ಮೇಲೆ, ಇಳಕಲ್ ಸೀರೆಯ ಸೆರಗು ತಲೆ ಮೇಲೆ ಹೊದ್ದು, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಇಳಿದವಳು ಅವನ ತಾಯಿ ಕಸ್ತೂರೆವ್ವ. ಕಾರಿನ ಎಸಿ ವಾಸನೆಗೆ ಅವಳಿಗೆ ಹೊಟ್ಟೆ ತೊಳಸುತ್ತದಂತೆ. ನಿಂಬೆಹಣ್ಣು ಮೂಸುತ್ತಲೇ ಬಂದಿದ್ದಳು. ಅಣ್ಣಿಗೇರಿಯ ಬಸ್ ನಿಲ್ದಾಣದ ಎದುರಿನ ರೊಟ್ಟಿ ಖಾನಾವಳಿ ಅವಳದು. ಗಂಡ ಸತ್ತ ವರ್ಷ ಶುರು ಮಾಡಿದ್ದು, ಇವತ್ತಿಗೂ ಒಲೆ ಆರಿಲ್ಲ.

ಚನ್ನವೀರ ಮಾಲಿನಿಯನ್ನು ಒಂದು ಪಕ್ಕಕ್ಕೆ ಕರೆದ.

“ಬ್ಯಾಸಿಗ್ಯಾಗ ಗದಗಿಗೆ ಹೋಗಿದ್ವಿರಿ. ಗಾಡಿ ನಿಂದರ್ಸಿ ನಾ ಬ್ಯಾಂಕಿಗೆ ಹ್ವಾದೆ. ಅಲ್ಲಿ ತಡಾ ಆತು. ಬಂದ ನೋಡಿದ್ರ ಮಂದಿ ಕೂಡೈತಿ. ಶೇಂಗಾ ಮಾರಾಂವ ಒಬ್ಬಾಂವ ಕಲ್ಲ ತಗೊಂಡ ಗಾಜ ಒಡದ ಅವ್ವನ್ನ ಹೊರಗ ತಗದಿದ್ದ. ಹಿಂದಿನ ಬಾಗಲಾ ಒಳಗಿಂದ ತೆರೀದಂಗ ಲಾಕ್ ಆಗಿದ್ವು. ಗುಂಡಿ ಒತ್ತಿದೆ, ಒತ್ತಿದೆ, ತೆರೀಲಿಲ್ಲ ಅಂತಾಳ. ನಾ ಅಲ್ಲೇ ಒತ್ತಿದೆ, ಪಕ್ಕದ ಬಾಗಲಾನೂ ಒತ್ತಿದೆ, ಎಲ್ಲಾ ನಡದ್ವು.” ಅವನು ದನಿ ತಗ್ಗಿಸಿದ. “ಡಾಕ್ಟರ್ ಕಡೆ ತೋರಿಸೀನ್ರಿ. ಮರವಿನ ರೋಗ ಇರಬಹುದು, ಆದ್ರ ಮೊದಲ ಆ ಸ್ವಿಚ್ಚ ಖರೇನ ಕೆಟ್ಟೈತೇನ ಕೇಳ್ಕೊಂಡ ಬಾ ಅಂದಾರ. ಮೊನ್ನೆ ಸಾರಿಗೆ ಎರಡ ಸಲ ಉಪ್ಪ ಹಾಕಿದ್ಳು. ಗ್ಯಾಸ್ ಮುಂದ ನಿಲ್ಲಾಕಿರಿ ಆಕಿ. ಹೆಚ್ಚುಕಮ್ಮಿ ಆದ್ರ? ಸ್ವಿಚ್ಚ ಸರಿ ಐತಿ ಅಂತ ನೀವು ಪಕ್ಕಾ ಹೇಳಿದ್ರ ದಸರಾ ಆದ ಮ್ಯಾಲ ಖಾನಾವಳಿ ಬಂದ್ ಮಾಡಸ್ತೀನಿ.”

“ಚನ್ನ್ಯಾ, ನನ್ನ ಕಿವಿ ಛಲೋ ಅದಾವು” ಎಂದಳು ಕಸ್ತೂರೆವ್ವ ದೂರದಿಂದಲೇ.

ಮಾಲಿನಿಗೆ ನಾಚಿಕೆಯಾಯಿತು. ಇಷ್ಟು ದಿನ ಅವಳು ಪರೀಕ್ಷೆ ಮಾಡುತ್ತಿದ್ದದ್ದು ಸ್ವಿಚ್ಚನ್ನು. ಅತ್ತ ಅಣ್ಣಿಗೇರಿಯಲ್ಲಿ ಅವಳ ಹಸಿರು ಚೀಟಿ ಅಂಟುತ್ತಿದ್ದದ್ದು ಒಬ್ಬ ಹೆಂಗಸಿನ ಹಣೆಗೆ. ಸ್ವಿಚ್ಚಿನಲ್ಲಿ ದೋಷ ಇಲ್ಲವೆಂದರೆ ಇವಳ ತಲೆಯಲ್ಲಿದೆ ಎಂದು ಮನೆಯವರು ಲೆಕ್ಕ ಹಾಕಿಕೊಂಡಿದ್ದರು.

ಕಸ್ತೂರೆವ್ವ ಹತ್ತಿರ ಬಂದು ನೇರವಾಗಿ ಕೇಳಿದಳು, “ಬಾಯಾರ, ಕೆಟ್ಟದ್ದು ಆ ಗುಂಡಿನೋ ನನ್ನ ತಲಿನೋ, ಯಾವುದರ ಒಂದ ಹೇಳಿಬಿಡ್ರಿ. ನಡಕ ತೂಗ ಹಾಕಬ್ಯಾಡ್ರಿ. ಇತ್ತಿತ್ಲಾಗ ನನಗೂ ಖಾತ್ರಿ ಇಲ್ಲದಂಗ ಆಗೈತಿ. ಒಲಿ ಆರಿಸಿದ್ನೋ ಇಲ್ಲೋ ಅಂತ ಎದ್ದೆದ್ದ ಹೋಗಿ ನೋಡ್ತೀನಿ.”

ಮಾಲಿನಿ ಅವಳ ಬಲಗೈ ಹಿಡಿದು ನೋಡಿದಳು. ಬೆರಳ ತುದಿಗಳು ಹಂಚಿನ ಬಿಸಿಗೆ ಕಾದು ಕಾದು ತೊಗಲು ಗಟ್ಟಿಯಾಗಿ, ನುಣುಪಾಗಿ ಹೋಗಿದ್ದವು. ತಟ್ಟನೆ ಅವಳ ತಲೆಯಲ್ಲಿ ಬೆಳಕು ಹೊತ್ತಿತು. ಬೆರಳಪ್ಪನದು ಪಟ್ಟಣದ ಮೆದು ಬೆರಳು. ರೊಟ್ಟಿ ಬಡಿಯುವ ಬೆರಳನ್ನು ಸ್ವಿಚ್ಚು ಬೆರಳೆಂದೇ ಗುರುತಿಸುತ್ತಿಲ್ಲ! ಖುಷಿಗೆ ಅವಳು ಓಡಾಡಿಬಿಟ್ಟಳು. ಸ್ವಿಚ್ಚು ಬಿಚ್ಚಿಸಿ, ನಿಯಮದಂತೆ ತೊಳೆಯುವ ಪೆಟ್ಟಿಗೆಯಲ್ಲಿಟ್ಟು ತೊಳೆದು, ಬೆರಳಪ್ಪನ ತುದಿಗೆ ಚಪ್ಪಲಿಯ ಚರ್ಮದ ಚೂರು ಕಟ್ಟಿ ಒತ್ತಿಸಿದಳು.

ಸ್ವಿಚ್ಚು ಕೇಳಿತು. ಚರ್ಮದ ಮೇಲೆ ಚರ್ಮ ಕಟ್ಟಿದರೂ ಕೇಳಿತು.

ಕೊನೆಗೆ ಅದನ್ನು ಕಾರಿಗೇ ಹಾಕಿ, ಕಸ್ತೂರೆವ್ವನನ್ನು ಹಿಂದೆ ಕೂಡಿಸಿ ಒತ್ತಿರೆಂದಳು. ಮುದುಕಿ ಒತ್ತಿದಳು. ಗಾಜು ಬೆಣ್ಣೆಯಲ್ಲಿ ಜಾರಿದ ಹಾಗೆ ಇಳಿಯಿತು. ಏರಿಸಿ ಮತ್ತೆ ಒತ್ತಿದಳು, ಮತ್ತೆ ಇಳಿಯಿತು.

ಚನ್ನವೀರ ಮುಖ ಬೇರೆ ಕಡೆ ತಿರುಗಿಸಿದ. ಕಸ್ತೂರೆವ್ವ ತನ್ನ ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಆಮೇಲೆ ನಿಂಬೆಹಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡು, “ಹೋಗೂಣ ನಡೀಯಪ್ಪಾ” ಎಂದಳು. ಬಂದಾಗ ಇದ್ದ ದನಿ ಅದಾಗಿರಲಿಲ್ಲ.

“ಆತಲ್ಲ?” ಎಂದರು ಜಮಖಂಡಿ ಸಾಹೇಬರು. “ಅವ್ರ ಬೆರಳಿಗೂ ತೆರೀತು. ಇನ್ನ ಏನ ಹುಡುಕ್ತೀರಿ? ಹಬ್ಬದ ಹೊತ್ತಿಗೆ ಕೊನೀ ವರದಿ ಕೊಟ್ಟು ಮುಗಸ್ರಿ.”

ಆ ವಾರವೆಲ್ಲ ಮಾಲಿನಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಸಾರು ಸಪ್ಪಗೆ ಮಾಡಿದಳು, ಗುರುಪಾದ ಕೇಳಿದರೆ ಸಿಡುಕಿದಳು. ದೋಷ ಇದೆ, ಇದ್ದೇ ಇದೆ. ಆದರೆ ಅವಳ ಮುಂದೆ ಬಂದಾಗ ಮಾತ್ರ ಅದು ಇರುವುದಿಲ್ಲ. ಹಲ್ಲುನೋವಿನವರು ಡಾಕ್ಟರ ಮೆಟ್ಟಿಲು ಹತ್ತಿದ ಕೂಡಲೇ ನೋವು ಮಾಯವಾಗುತ್ತದಲ್ಲ, ಆ ತರದ ಸಂಕಟ. ತನ್ನ ಕಾರಿನ ಕಿಟಕಿ ಈಚೆಗೆ ಒಂದೇ ಒತ್ತಿಗೆ ಇಳಿಯುತ್ತಿಲ್ಲ ಎಂಬುದು ಕೂಡ ಅವಳ ಲಕ್ಷ್ಯಕ್ಕೆ ಬರಲಿಲ್ಲ. ಕೈ ಸೋತಿರಬೇಕು ಎಂದುಕೊಂಡು ಇನ್ನೊಮ್ಮೆ ಒತ್ತುತ್ತಿದ್ದಳು.

ನಿರೀಕ್ಷಿಸಿದಂತೆಯೇ ಅಣ್ಣಿಗೇರಿಯಿಂದ ಫೋನು ಬಂತು. ಮತ್ತೆ ನಿಂತಿದೆ. ಈಗ ಚನ್ನವೀರನ ದನಿಯಲ್ಲಿ ದೂರು ಇರಲಿಲ್ಲ, ಕಾಗದವೊಂದು ಸಿಕ್ಕರೆ ಸಾಕೆಂಬ ಅವಸರ ಇತ್ತು. “ಖಂಡೇ ಪೂಜೆ ದಿನ ಹುಬ್ಬಳ್ಳಿಗೆ ಬರಾಂವ ಇದ್ದೀನ್ರಿ. ವರದಿ ತಯಾರ ಇಡ್ರಿ. ಡಾಕ್ಟರ್ ಹಬ್ಬ ಮುಗದ ಮ್ಯಾಲ ಬಾ ಅಂದಾರ.”

ಖಂಡೇ ಪೂಜೆ ಎಂದರೆ ಆಯುಧಪೂಜೆ; ಆ ದಿನ ಪ್ರಯೋಗಾಲಯ ಗುರುತು ಸಿಗದಂತಾಗಿತ್ತು. ನೆಲ ತೊಳೆದು, ಬಾಗಿಲಿಗೆ ಮಾವಿನ ತೋರಣ, ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ. ಬೆರಳಪ್ಪನ ಬೆರಳಿಗೆ ವಿಭೂತಿಯ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟಿದ್ದರು. ತೊಳೆಯುವ ಪೆಟ್ಟಿಗೆಯ ಮೇಲೆ ಕಾಯಿ ಒಡೆದಿಟ್ಟು, ಊದಿನಕಡ್ಡಿ ಸಿಕ್ಕಿಸಿದ್ದರು. ಜಮಖಂಡಿ ಸಾಹೇಬರು ರೇಷ್ಮೆ ಶಲ್ಯ ಹೊದ್ದು ಮಂಗಳಾರತಿ ಮುಗಿಸಿ, ಬೂದುಗುಂಬಳ ಒಡೆಸಿ, ಎಲ್ಲರಿಗೂ ಪೇಢೆ ಹಂಚುತ್ತಿರುವಾಗ ಅಣ್ಣಿಗೇರಿಯ ಕಾರು ಅಂಗಳಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಕಸ್ತೂರೆವ್ವ ಇದ್ದಳು. ಮಗ ಬಾಗಿಲು ತೆರೆದರೂ ಇಳಿಯಲಿಲ್ಲ.

ಮಾಲಿನಿ ಬರಿಗೈಲಿ ವರದಿ ಕೊಡಲಾರದೆ, “ಒಂದ ಕೊನೀ ಸಲ ನೋಡಿಬಿಡ್ತೀನ್ರಿ ಸರ್” ಎಂದು ತೊಳೆಯುವ ಪೆಟ್ಟಿಗೆಯ ಕಡೆ ಹೋದಳು.

“ಏ ಬಾಯಾರ!” ಜಮಖಂಡಿ ಸಾಹೇಬರು ಅಡ್ಡ ಬಂದರು. “ಪೂಜಿಗೆ ಕೂತ ಯಂತ್ರ ಎಬ್ಬಸ್ತಾರೇನ್ರಿ? ಬನ್ನಿ ಮುಡಿಯೂತನಕ ಒಂದೂ ಮಷೀನು ಚಾಲೂ ಆಗೂಹಂಗಿಲ್ಲ. ಇದೊಂದ ನಿಯಮ ನಮ್ಮಪ್ಪನ ಕಾಲದ್ದದ.”

“ಹಂಗಾರ ತೊಳೀಲಾರ್ದ ನೋಡ್ತೀನಿ. ಕೈಯಾಗಿನ ಮೀಟರ್ ಅಂತೂ ಪೂಜಿಗೆ ಕೂತಿಲ್ಲಲ್ಲ.” ಸಿಟ್ಟಿನಲ್ಲಿ ಆಡಿದ ಮಾತು ಅದು. ತನ್ನ ಚೀಲದಲ್ಲಿದ್ದ ಪುಟ್ಟ ಮೀಟರು ಎತ್ತಿಕೊಂಡು ಅಂಗಳಕ್ಕೆ ಇಳಿದಳು.

ಕಾರಿನ ಎಡಬಾಗಿಲಿನ ಫಲಕ ಬಿಚ್ಚಿ, ತಂತಿಗಳಿಗೆ ಮೀಟರಿನ ಕೊಕ್ಕೆ ಸಿಕ್ಕಿಸಿ, “ಒತ್ರಿ ಅವ್ವಾರ” ಎಂದಳು.

ಕಸ್ತೂರೆವ್ವ ಒತ್ತಿದಳು. ಮೀಟರಿನ ಒಂದು ದೀಪ ಹತ್ತಿತು: ಬೆರಳು ಬಂದದ್ದು ಸ್ವಿಚ್ಚಿನ ಮಿದುಳಿಗೆ ಗೊತ್ತಾಗಿದೆ. ಎರಡನೆಯ ದೀಪ ಹತ್ತಲಿಲ್ಲ. ಮೋಟಾರಿಗೆ ಮಾತು ಹೋಗಲಿಲ್ಲ, ಗಾಜು ಅಲುಗಲಿಲ್ಲ.

ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ ದೋಷವು ಮಾಲಿನಿಯ ಕಣ್ಣೆದುರೇ ಬಂದು ಕೂತಿತ್ತು.

“ನೀವ ಒತ್ರಿ” ಎಂದಳು ಚನ್ನವೀರನಿಗೆ. ಅವನು ಬಗ್ಗಿ ಅದೇ ಗುಂಡಿ ಒತ್ತಿದ. ಗಾಜು ಸರ್ರನೆ ಇಳಿಯಿತು. ಅದನ್ನು ಏರಿಸಿ, ಮಾಲಿನಿ ತಾನೂ ಒತ್ತಿದಳು. ಅವಳ ಬೆರಳನ್ನು ಈ ಸ್ವಿಚ್ಚು ಈ ಮನೆಯಲ್ಲಿ ಎಂದೂ ಕಂಡದ್ದಿಲ್ಲ. ಆದರೂ ಗಾಜು ಇಳಿಯಿತು. ಪೇಢೆ ಹಿಡಿದು ನೋಡುತ್ತ ನಿಂತಿದ್ದ ಗೇಟಿನ ಕಾವಲುಗಾರನನ್ನು ಕರೆದು ಒತ್ತಿಸಿದಳು. ಅವನಿಗೂ ಇಳಿಯಿತು.

“ಈಗ ಮತ್ತ ನೀವು, ಅವ್ವಾರ.”

ಕಸ್ತೂರೆವ್ವ ಒತ್ತಿದಳು. ಬಿರುಸಾಗಿ ಒತ್ತಿದಳು, ಮೆಲ್ಲಗೆ ಒತ್ತಿದಳು, ಎರಡೂ ಹೆಬ್ಬೆರಳು ಕೂಡಿಸಿ ಒತ್ತಿದಳು. ಗಾಜು ಕಲ್ಲಿನ ಹಾಗೆ ನಿಂತಿತ್ತು. ದಾರಿಹೋಕರಿಗೆಲ್ಲ ಸಿಕ್ಕ ಮರ್ಯಾದೆ ಅವಳೊಬ್ಬಳಿಗೆ ಇರಲಿಲ್ಲ.

ಚನ್ನವೀರನ ಬಾಯಿ ಅರ್ಧ ತೆರೆದೇ ಉಳಿಯಿತು. ಅವನು ತಾಯಿಯ ಬೆರಳನ್ನು ತಾನೇ ಹಿಡಿದು ಗುಂಡಿಯ ಮೇಲೆ ಸರಿಯಾಗಿಟ್ಟು, “ಹಿಂಗ ಒತ್ತ ಅವ್ವ” ಎಂದ. ಅವಳು ಹಾಗೆಯೇ ಒತ್ತಿದಳು. ಏನೂ ಆಗಲಿಲ್ಲ.

ಮಾಲಿನಿ ಸ್ವಿಚ್ಚಿನ ನೆನಪನ್ನು ಮೀಟರಿನ ಪುಟ್ಟ ಪರದೆಗೆ ಎಳೆದು ಓದಿದಳು. ಆ ಬೆರಳಿನ ಧಾಟಿಯ ಎದುರಿಗೆ ಎರಡೇ ಪದ ಇದ್ದವು: ‘ಅರಿಯದ ಕೈ’. ಏನೂ ತಿಳಿಯದೆ ಗುಂಡಿ ಮುಟ್ಟುವ ಕೂಸುಗಳಿಗೆಂದು ಎಂಜಿನಿಯರುಗಳು ಕೊಟ್ಟ ಹೆಸರು. ಆ ಕೈ ಒತ್ತಿದರೆ ಕೇಳಬಾರದು ಎಂಬುದೇ ಅದರ ಅರ್ಥ.

ತರಬೇತಿಯ ದಿನಗಳಲ್ಲಿ ಓದಿ ಮರೆತದ್ದೆಲ್ಲ ಅವಳಿಗೆ ಒಮ್ಮೆಲೇ ನೆನಪಾಯಿತು. ತಿಳಿದು ಒತ್ತಿದ್ದು ಯಾವುದು, ತಿಳಿಯದೆ ಒತ್ತಿದ್ದು ಯಾವುದು ಎಂದು ಸ್ವಿಚ್ಚಿಗೆ ಹೇಳಿಕೊಡುವ ಗುರು ಯಜಮಾನ ಗುಂಡಿ. ಬೇರೆ ಯಾವುದೇ ಬಾಗಿಲಿನಲ್ಲಿ ಯಾರಾದರೂ ಗಾಜು ಇಳಿಸಿದ ಕೂಡಲೇ ಯಜಮಾನ ಅದನ್ನು ಏರಿಸಿದರೆ, ಅವರು ಒತ್ತಿದ್ದು ತಪ್ಪು ಎಂದು ಸ್ವಿಚ್ಚು ಬರೆದುಕೊಳ್ಳುತ್ತದೆ. ಮತ್ತೆ ಮತ್ತೆ ಹಾಗಾದರೆ ಆ ಕೈ ಅರಿಯದ ಕೈ. ಮಕ್ಕಳ ಜೀವ ಉಳಿಸಲು ಮಾಡಿದ ಉಪಾಯ. ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳಷ್ಟೇ ಕೂಡುತ್ತಾರೆಯೇ, ಯಜಮಾನ ಯಾರ ಯಾರ ಕಿಟಕಿ ಮುಚ್ಚುತ್ತಾನೆ ಎಂದು ಆ ಜಾಣರಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಇನ್ನು ತಾನು? ಬಂದ ಸ್ವಿಚ್ಚನ್ನೆಲ್ಲ ಮೊದಲು ತೊಳೆದು, ಆಮೇಲೆ ಕೊಳೆ ಹುಡುಕುತ್ತಿದ್ದಳು. ಉಂಡ ತಟ್ಟೆ ತೊಳೆದಿಟ್ಟು, ಊಟದಲ್ಲಿ ಏನಿತ್ತೆಂದು ಮೂಸಿ ನೋಡಿದ ಹಾಗೆ.

“ಚನ್ನವೀರಪ್ಪ, ಅವ್ವಾರು ಕಿಟಕಿ ತಗದ್ರ ನೀವ ಏನ ಮಾಡ್ತೀರಿ?”

“ಏನ ಮಾಡೂದು? ಹತ್ತಿ ಗಾಡಿ ಓಡಾಡೂ ರಸ್ತಾರಿ ನಮ್ಮವು, ಧೂಳ ಬರ್ತೈತಿ. ಮುಚ್ಚತೀನಿ. ಆಕಿಗೇ ಕೆಮ್ಮ ಹತ್ತಬಾರ್ದಂತ.”

“ದಿನಾ?”

ಅವನು ಹೌದೆಂದು ತಲೆಯಾಡಿಸಿದ. ಮಾಲಿನಿ ಬಿಡಿಸಿ ಹೇಳಿದಳು. ಸ್ವಿಚ್ಚು ಹೇಗೆ ಕಲಿಯುತ್ತದೆ, ಯಾರಿಂದ ಕಲಿಯಿತು, ಇಲ್ಲಿ ತೊಳೆದಾಗೆಲ್ಲ ಯಾಕೆ ಸರಿಹೋಗುತ್ತಿತ್ತು, ಮನೆಗೆ ಹೋದ ಮೇಲೆ ಯಾಕೆ ಕೆಡುತ್ತಿತ್ತು. ಕೇಳುತ್ತ ಕೇಳುತ್ತ ಚನ್ನವೀರನ ಮುಖ ಕಪ್ಪಿಟ್ಟಿತು. ಗದಗಿನ ಆ ಬಿಸಿಲಿನಲ್ಲಿ ತಾಯಿಯನ್ನು ಒಳಗೆ ಕೂಡಿ ಹಾಕಿದ್ದು ತನ್ನದೇ ಬೆರಳು ಎಂದು ಅವನಿಗೆ ತಿಳಿದುಹೋಯಿತು.

ಕಸ್ತೂರೆವ್ವನಿಗೆ ಆ ವಿವರ ಯಾವುದೂ ಬೇಕಿರಲಿಲ್ಲ. “ಅದೆಲ್ಲಾ ಇರ್ಲಿ ಬಾಯಾರ. ಹಂಗಾರ ನನ್ನ ತಲಿ?”

“ನಿಮ್ಮ ತಲಿ ಬರಾಬ್ಬರಿ ಐತಿ ಅವ್ವಾರ. ನೀವ ಒತ್ತಿದ್ದೂ ಬರಾಬ್ಬರಿ ಇತ್ತು.”

ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ತಿಂಗಳುಗಟ್ಟಲೆ ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ ಒಲೆಯ ಹತ್ತಿರ ಎದ್ದೆದ್ದು ಹೋದ ಸಂಕಟವೆಲ್ಲ ಆ ಅಳುವಿನಲ್ಲಿತ್ತು. ಮಾಲಿನಿಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಮೀಟರು ಹಿಡಿದುಕೊಂಡು ನೇರ ಜಮಖಂಡಿ ಸಾಹೇಬರ ಮುಂದೆ ನಿಂತಳು.

ಅವರು ಪರದೆ ಓದಿದರು, ಎರಡು ಸಲ ಓದಿದರು. “ಇದು ದೋಷ ಅಲ್ಲ ಬಾಯಾರ. ಕಲಿ ಅಂದದ್ದನ್ನ ಕಲತದ. ವಿನ್ಯಾಸ ಇದ್ದದ್ದ ಹಿಂಗ.”

“ತಪ್ಪ ಕಲತೈತ್ರಿ ಸರ್!”

“ತಪ್ಪಂತ ಅದಕ್ಕ ತಿಳಿಸಿದ್ರ ತಿದ್ಕೋತದ.”

“ತಿಳಸಾಕ ಆಕಿ ಒತ್ತಬೇಕು. ಆಕಿ ಒತ್ತಿದ್ರ ಅದು ಕೇಳೂದಿಲ್ಲ. ಕೇಳಿದ್ರ ತಾನ ಆಕಿ ಸರಿ ಅಂತ ಗೊತ್ತಾಗೂದು? ಒಮ್ಮೆ ಅರಿಯದ ಕೈ ಅಂತ ಬರದ್ರ ಹೊರಗ ಬರೂ ದಾರಿನ ಇಟ್ಟಿಲ್ಲ ಅದರಾಗ. ಇಂಥಾ ಎಷ್ಟ ಕಾರ ಓಡಾಡಾಕತ್ತಾವ, ಎಷ್ಟ ಮಂದಿ ಹಿಂದ ಕೂತಾರ!”

ಜಮಖಂಡಿ ಸಾಹೇಬರು ಶಲ್ಯ ಸರಿಪಡಿಸಿಕೊಂಡರು. ಅವರ ಮುಖದಲ್ಲಿ ಅಳುಕು ಕಂಡಿತು, ಆದರೆ ಅದು ಬಾಯಿಯ ತನಕ ಬರಲಿಲ್ಲ. “ಕಲತದ್ದನ್ನ ದೋಷ ಅಂತ ಬರೀಲಿಕ್ಕೆ ನಿಯಮದಾಗ ಜಾಗಾ ಇಲ್ಲ. ನೀವ ಬೇಕಾದ್ರ ಪುಣೆದಾಗಿನ ಕಂಪನಿಗೆ ಬರದ ಕೇಳ್ರಿ. ಸದ್ಯಕ್ಕ ಹಬ್ಬ ಮುಗೀಲಿ, ಪೆಟಗಿ ಎಬ್ಬಿಸಿ ಇವ್ರದನ್ನ ತೊಳದ ಕೊಡೋಣ.”

“ತೊಳದ್ರ ಮತ್ತ ಅದನ್ನ ಕಲೀತೈತಿ.”

“ಮತ್ತ ತೊಳೆಯೋಣ!” ಎಂದು ಅವರು ಪೇಢೆಯ ತಟ್ಟೆ ಮುಂದೆ ಹಿಡಿದರು.

ಮಾಲಿನಿ ಪೇಢೆ ಮುಟ್ಟಲಿಲ್ಲ. ಒಂದು ಹಾಳೆ ತೆಗೆದುಕೊಂಡು, ಸ್ವಿಚ್ಚು ದೋಷಪೂರಿತ, ಬಳಸುವವರಲ್ಲಿ ಯಾವ ದೋಷವೂ ಇಲ್ಲ ಎಂದು ಬರೆದು, ತನ್ನ ಹೆಸರು ಹಾಕಿ ಚನ್ನವೀರನ ಕೈಗಿತ್ತಳು. ನಾಳೆ ಇದಕ್ಕಾಗಿ ಯಾರಿಗೆ ಏನು ಉತ್ತರ ಕೊಡಬೇಕೋ, ನಾಳೆ ನೋಡಿದರಾಯಿತು.

ಚನ್ನವೀರ ಕಾಗದ ಮಡಿಸಿ ಜೇಬಿಗಿಟ್ಟು, ತಾಯಿಯ ಮುಖ ನೋಡಲಾರದೆ ಹೋಗಿ ಕಾರಿನಲ್ಲಿ ಕೂತ. ಕಾರು ಗೇಟಿನ ತನಕ ಹೋಗಿ ನಿಂತಿತು. ಹಿಂದಿನ ಎಡಗಾಜು ಮೆಲ್ಲಗೆ ಪೂರ್ತಿ ಇಳಿಯಿತು.

“ಅವ್ವ, ತಗದೀನ ನೋಡ. ಇನ್ನ ಮ್ಯಾಲ ನೀ ಹೇಳಿದಾಗೆಲ್ಲಾ ತಗೀತೀನಿ” ಎಂದ ಅವನು ಮುಂದಿನಿಂದ. ಅವನ ದನಿ ಒಡೆದಿತ್ತು.

ಮಗನಿಗೆ ನಿಜವಾಗಿಯೂ ಪಶ್ಚಾತ್ತಾಪವಾಗಿದೆ ಎಂಬುದು ಗೇಟಿನ ಹತ್ತಿರ ನಿಂತಿದ್ದ ಮಾಲಿನಿಗೂ ಕಂಡಿತು. ಆದರೆ ಗಾಜು ಈಗಲೂ ಇಳಿದದ್ದು ಯಾರ ಬೆರಳಿಗೆ? ಕಸ್ತೂರೆವ್ವ ಒಂದು ಗಳಿಗೆ ಆ ತೆರೆದ ಕಿಟಕಿಯನ್ನು ನೋಡಿದಳು. ಆಮೇಲೆ ಕೈ ಹೊರಗೆ ಹಾಕಿ, ಹೊರಗಿನ ಹಿಡಿಕೆ ಎಳೆದು ಬಾಗಿಲು ತೆರೆದುಕೊಂಡು ಇಳಿದಳು.

“ನೀ ನಡಿಯಪ್ಪಾ. ನಾ ಬಸ್ಸಿಗೆ ಬರ್ತೀನಿ.”

“ಹಬ್ಬದ ಗದ್ದಲದಾಗ ಬಸ್ಸಿಗೆ? ಅವ್ವ, ಸಿಟ್ಟಾದೇನ?”

“ಸಿಟ್ಟಿಲ್ಲ. ಹೊತ್ತಾದ್ರ ರೊಟ್ಟಿ ಹಿಟ್ಟ ನಾದಿಸಿ ಇಡಂತ ಹೇಳ ಹೆಂಡತಿಗೆ. ನಾಳೆ ಬನ್ನಿ ಕೊಡಾಕ ಬರೂ ಮಂದಿ ನಮ್ಮ ಖಾನಾವಳ್ಯಾಗ ಉಂಡ ಹೋಗ್ತಾರ.” ಹಾಗೆಂದು ಅವಳು ಹಿಂದಿರುಗಿ ನೋಡದೆ ರಸ್ತೆಯಾಚೆಯ ನಿಲ್ದಾಣದ ಕಡೆ ನಡೆದಳು.

ಅಷ್ಟರಲ್ಲಿ ಗುರುಪಾದನ ಕಾರು ಬಂದು ನಿಂತಿತು. ಅರ್ಧ ದಿನದ ರಜೆ, ಮಾಲಿನಿಯನ್ನು ಕರೆದೊಯ್ಯಲು ಬಂದಿದ್ದ. ಕಾರಿನ ಮೂತಿಗೆ ಅವನೂ ಹಾರ ಹಾಕಿಸಿದ್ದ. ಮಾಲಿನಿ ಹತ್ತಿ ಕೂತಳು. ಎದುರಿಗೆ ನಿಲ್ದಾಣದಲ್ಲಿ ಕಸ್ತೂರೆವ್ವ ನಿಂತಿದ್ದಳು. ಹೋಗಿ ಬರ್ರಿ ಎಂದು ಒಂದು ಮಾತು ಕೂಗಿ ಹೇಳೋಣವೆಂದು ಕಿಟಕಿಯ ಗುಂಡಿ ಒತ್ತಿದಳು.

ಗಾಜು ಇಳಿಯಲಿಲ್ಲ.

ಮತ್ತೆ ಒತ್ತಿದಳು. ಬಿರುಸಾಗಿ ಒತ್ತಿದಳು, ಮೆಲ್ಲಗೆ ಒತ್ತಿದಳು. ಬೆರಳು ಗುಂಡಿಯ ಮೇಲೆಯೇ ಉಳಿಯಿತು.

“ಸರಿಯಾಗಿ ಒತ್ತ” ಎಂದು ನಕ್ಕ ಗುರುಪಾದ. “ದೊಡ್ಡ ಸ್ವಿಚ್ಚಿನ ಡಾಕ್ಟರ ನೀನ! ಹೇಳಿದ್ರ ನಾನ ತಗೀತಿದ್ನೆಲ್ಲ.” ಅವನ ಬೆರಳು ಆಗಲೇ ಯಜಮಾನ ಗುಂಡಿಯ ಕಡೆ ಹೊರಟಿತ್ತು.

“ಮುಟ್ಟಬ್ಯಾಡ” ಎಂದಳು ಮಾಲಿನಿ. ಅಂಥ ದನಿಯನ್ನು ಗುರುಪಾದ ಮದುವೆಯಾದಂದಿನಿಂದ ಕೇಳಿರಲಿಲ್ಲ. ಅವಳು ಬಾಗಿಲು ತೆಗೆದು ಇಳಿದಳು. “ನೀ ಮನಿಗೆ ನಡಿ. ಸಂಜಿಗೆ ಬಂದು ಹೇಳ್ತೀನಿ. ಭಾಳ ಐತಿ ಹೇಳೂದು.”

ಹುಬ್ಬಳ್ಳಿ ಬಸ್ಸು ಬಂದಿತ್ತು. ಹಬ್ಬದ ಮಂದಿ ಕಿಕ್ಕಿರಿದಿದ್ದರು. ಹೇಗೋ ಹಿಂದಿನ ಸೀಟಿನಲ್ಲಿ ಕಸ್ತೂರೆವ್ವ ಜಾಗ ಹಿಡಿದಿದ್ದಳು. ಮಾಲಿನಿಯನ್ನು ಕಂಡು ಏನೂ ಕೇಳದೆ ಸರಿದು ಪಕ್ಕದಲ್ಲಿ ಕೂಡಿಸಿಕೊಂಡಳು. ಬಸ್ಸಿನ ಒಳಗೆ ಬೆವರು, ಹೂವು, ಡೀಸೆಲ್ಲು ಎಲ್ಲ ಕೂಡಿದ ಧಗೆ. ಕಿಟಕಿ ಮುಚ್ಚಿತ್ತು. ಮಾಲಿನಿ ಗಾಜಿನ ಅಂಚು ಹಿಡಿದು ಎಳೆದಳು. ತುಕ್ಕು ಹಿಡಿದ ಕಿಟಕಿ ಜಪ್ಪೆನ್ನಲಿಲ್ಲ. ಇನ್ನೊಮ್ಮೆ ಎಳೆದಳು. ಅವಳ ಕಣ್ಣಲ್ಲಿ ನೀರೇ ಬಂತು.

“ಸರೀರಿ” ಎಂದಳು ಕಸ್ತೂರೆವ್ವ. ನಿಂಬೆಹಣ್ಣನ್ನು ಮಾಲಿನಿಯ ಕೈಗೆ ಕೊಟ್ಟು, ರೊಟ್ಟಿ ಬಡಿಯುವ ಅಂಗೈಯಿಂದ ಕಿಟಕಿಯ ಚೌಕಟ್ಟಿಗೆ ಎರಡು ಬಾರಿಸಿದಳು. ಗಾಜು ಕಿರುಗುಟ್ಟುತ್ತ ಪಕ್ಕಕ್ಕೆ ಸರಿಯಿತು. ಗಾಳಿ, ಅದರ ಹಿಂದೆ ಧೂಳು, ಎರಡೂ ಒಳಗೆ ನುಗ್ಗಿ ಬಂದವು.

“ಗಟ್ಟಿ ಐತಿ ಇದೂ” ಎಂದಳು ಅವಳು, ಮುಖವನ್ನು ಗಾಳಿಗೆ ಒಡ್ಡಿ. “ಆದ್ರ ಎಲ್ಲಾರಿಗೂ ಗಟ್ಟಿ ಐತಿ.”